ಮಾನವ ಭೂಗೋಳ ಓದಬೇಕಾ? ಮೊದಲು ಪ್ರಶ್ನೆ ಹುಡುಕಿ, ಆಮೇಲೆ ಕಾಲೇಜು

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು. ಎರಡು ಎಕರೆ ಅಡಿಕೆ ತೋಟ ಇದೆ. ಇತಿಹಾಸ, ಅರ್ಥಶಾಸ್ತ್ರ, ಭೂಗೋಳ ತೆಗೆದುಕೊಂಡು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ್ದೇನೆ. ಮಾನವ ಭೂಗೋಳ ಮತ್ತು ಸುಸ್ಥಿರತೆಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಸೆ. ಅಪ್ಪ ಬಿ.ಎಡ್ ಮಾಡು ಅನ್ನುತ್ತಾರೆ. ಇದು ಪರಿಸರ ವಿಜ್ಞಾನವೇ ಅಲ್ವಾ? ಎಲ್ಲಿ ಓದಬಹುದು? ಸಾಲ ಮಾಡಿ ಇಂಗ್ಲೆಂಡಿಗೆ ಹೋಗಬಹುದಾ? ಕೊನೆಗೆ ಕೆಲಸ ಸಿಗುತ್ತದಾ?

ಉತ್ತರ: ತಂಗಿ, ಇದು ಪರಿಸರ ವಿಜ್ಞಾನ ಅಲ್ಲ. ಮೊದಲು ಇದನ್ನೇ ಬಿಡಿಸಿ ಹೇಳಿಬಿಡುತ್ತೇನೆ. ಯಾಕೆಂದರೆ ಕೋರ್ಸಿನ ಹೆಸರು ನೋಡಿ ಸೇರಿ, ಎರಡು ವರ್ಷ ನೀರಿನ ಪಿಎಚ್ ಅಳೆಯುತ್ತಾ, ನನಗೆ ಬೇಕಿದ್ದು ಇದಲ್ಲವಲ್ಲ ಅಂತ ಒದ್ದಾಡುವವರು ಇದ್ದಾರೆ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. ಅದು ಮೊದಲು ಗುರುತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈರಸ್ ಹೇಗಿದೆ, ಯಾವ ಉಣುಗು ಅದನ್ನು ಹರಡುತ್ತದೆ, ಮಂಗ ಯಾಕೆ ಸಾಯುತ್ತದೆ ಎನ್ನುವುದೆಲ್ಲ ವಿಜ್ಞಾನಿಗಳ ಪ್ರಶ್ನೆ. ಮಾನವ ಭೂಗೋಳದವರು ಬೇರೆ ಕಡೆಯಿಂದ ಬರುತ್ತಾರೆ. ಆ ತಿಂಗಳಲ್ಲಿ ಕಾಡಿಗೆ ಹೋದವರು ಯಾರು? ಯಾಕೆ ಹೋದರು? ಕಾಯಿಲೆ ಜಾಸ್ತಿ ಕಾಣುವುದು ಡಿಸೆಂಬರಿನಿಂದ ಮೇ ತನಕ. ತೋಟಕ್ಕೆ ದರಗೆಲೆ (ಉದುರಿದ ಒಣ ಎಲೆ) ಗುಡಿಸುವುದು, ಸೌದೆ ತರುವುದು, ದನ ಅಟ್ಟುವುದು ಎಲ್ಲ ಅದೇ ಕಾಲದಲ್ಲಿ. ತೋಟ ಒಬ್ಬರದ್ದು, ದರಗು ಹೊರುವವರು ಇನ್ನೊಬ್ಬರು. ಉಣುಗು ಕಚ್ಚುವುದು ಹೊರುವವರಿಗೆ. ಅವರ ಮನೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ, ಬಸ್ಸು ದಿನಕ್ಕೆ ಎಷ್ಟು, ಜ್ವರ ಬಂದಾಗ ಒಂದು ದಿನದ ಕೂಲಿ ಬಿಟ್ಟು ಹೋಗುವುದು ಅವರಿಗೆ ಸಾಧ್ಯವಾ? ಮಂಗ ಸತ್ತ ಜಾಗಕ್ಕೆ ಹೋಗಬೇಡಿ ಅಂತ ಇಲಾಖೆ ಹೇಳುತ್ತದೆ, ಸರಿಯೇ. ಆದರೆ ಒಲೆಗೆ ಸೌದೆ ಬೇಕಲ್ಲ? 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳಾದಾಗ ಈ ಪ್ರಶ್ನೆಗಳು ಊರವರ ಬಾಯಲ್ಲಿ ಇದ್ದೇ ಇದ್ದವು. ಅವನ್ನು ಮನೆಮನೆ ಸಮೀಕ್ಷೆ, ನಕ್ಷೆ, ಅಂಕಿಅಂಶ ಹಿಡಿದು ಕೇಳಲು ಕಲಿಸುವುದೇ ಈ ವಿಷಯ.

ಇನ್ನು ಸುಸ್ಥಿರತೆ. ಈಗ ಹೋಂಸ್ಟೇ ಬೋರ್ಡಿನಿಂದ ಹಿಡಿದು ಸಿಮೆಂಟ್ ಜಾಹೀರಾತಿನ ತನಕ ಎಲ್ಲರೂ ಹಸಿರೇ. ಆ ಗದ್ದಲಕ್ಕೆ ಹೆದರಬೇಡಿ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಜಗಳವನ್ನು ಸರಿಯಾಗಿ ಓದಿದರೆ ಸಾಕು, ಒಂದು ಸೆಮಿಸ್ಟರ್ ಪಾಠ ಅದರಲ್ಲೇ ಇದೆ. 2000 ಮೆಗಾವ್ಯಾಟ್ ಯೋಜನೆ. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ. ಕರೆಂಟ್ ಹೆಚ್ಚಿದ್ದಾಗ, ಅಂದರೆ ಹಗಲಲ್ಲಿ ಸೋಲಾರ್ ಚೆನ್ನಾಗಿ ಬರುವಾಗ, ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡುವುದು. ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಹಾಕಿದಷ್ಟು ಕರೆಂಟ್ ವಾಪಸ್ ಬರುವುದಿಲ್ಲ, ಒಂದಿಷ್ಟು ನಷ್ಟ ಇದ್ದೇ ಇರುತ್ತದೆ. ಆದರೂ ಸೋಲಾರ್, ಗಾಳಿ ವಿದ್ಯುತ್ ಹೆಚ್ಚಾದಂತೆ ಇಂಥ ಸಂಗ್ರಹ ಬೇಕು ಎನ್ನುವುದು ಒಂದು ವಾದ, ಅದು ಸುಳ್ಳು ವಾದವೂ ಅಲ್ಲ. ಇನ್ನೊಂದು ಕಡೆ, ಇದು ಬರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಕಾಡು ಹೋಗುತ್ತದೆ, ಕಡಿದಾದ ಘಟ್ಟದಲ್ಲಿ ಅಗೆಯಬೇಕಾಗುತ್ತದೆ. ಹವಾಮಾನ ಉಳಿಸುತ್ತೇವೆ ಅಂತ ಒಬ್ಬರು, ಕಣಿವೆ ಉಳಿಸಿ ಅಂತ ಇನ್ನೊಬ್ಬರು. ಇಬ್ಬರ ಬಾಯಲ್ಲೂ ಸುಸ್ಥಿರತೆಯೇ. ಹಾಗಾದರೆ ಲಾಭ ಯಾವ ಊರಿಗೆ, ನಷ್ಟ ಯಾವ ಊರಿಗೆ, ಒಪ್ಪಿಗೆ ಕೇಳಿದ್ದು ಯಾರನ್ನು? ಈ ಮೂರನ್ನು ಕೇಳದ ಸುಸ್ಥಿರತೆಯ ಕೋರ್ಸ್ ಇದ್ದರೆ ಅದಕ್ಕೆ ದುಡ್ಡು ಕೊಡಬೇಡಿ. ಇದು ನನ್ನ ಕಡ್ಡಿ ಮುರಿದಂಥ ಮಾತು.

ಈ ಮೂರು ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳವರು ಜಿಲ್ಲೆಯ ಬೇರೆ ಬೇರೆ ಕಾಡಂಚಿಗೆ ಬಂದು ನೆಲೆಸಿದರು. ರಾಜ್ಯಕ್ಕೆ ಬೆಳಕು ಬಂತು, ಇವರಲ್ಲಿ ಎಷ್ಟೋ ಮಂದಿಗೆ ಹಕ್ಕುಪತ್ರ ಬರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಏನಾಯಿತು ನೋಡಿ. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 13 ಡಿಸೆಂಬರ್ 2005ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದಕ್ಕೆ ಸಾಕ್ಷ್ಯ ಕೊಡಬೇಕು. ಲೆಕ್ಕ ಹಾಕಿ: 1930ಕ್ಕೆ ಹೋಗುತ್ತದೆ. ಸರ್ಕಾರವೇ 1960ರ ಆಚೀಚೆ ಎಬ್ಬಿಸಿದ ಕುಟುಂಬ ಈಗಿರುವ ಜಾಗದಲ್ಲಿ 1930ರ ದಾಖಲೆ ಎಲ್ಲಿಂದ ತಂದೀತು? ಕಾನೂನಿನ ಒಂದು ಸಾಲು, ಒಂದು ನದಿ, ಒಂದು ವಲಸೆ ಮೂರೂ ಸೇರಿ ಇವತ್ತಿನ ಪಹಣಿಯಲ್ಲಿ ಒಂದು ಖಾಲಿ ಕಾಲಂ ಆಗಿದೆ. ಇದನ್ನು ಓದಲು ಬಂದರೆ ನೀವು ಮಾನವ ಭೂಗೋಳದ ಅರ್ಧ ದಾರಿ ಬಂದಂತೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಪತ್ರದಲ್ಲಿ ಕಾಲೇಜಿನ ಬಗ್ಗೆ ಇದೆ, ಸಾಲದ ಬಗ್ಗೆ ಇದೆ, ಯಾವ ವಿಚಾರ ಓದಬೇಕು ಅಂತ ಮಾತ್ರ ಇಲ್ಲ. ಹೆಚ್ಚಿನವರದ್ದು ಇದೇ ಕಥೆ. ಪ್ರಶ್ನೆ ಮೊದಲು ಇರಲಿ. ಅದು ಸಣ್ಣದಿದ್ದಷ್ಟೂ ಒಳ್ಳೆಯದು. 'ಪಶ್ಚಿಮ ಘಟ್ಟಗಳಲ್ಲಿ ಹವಾಮಾನ ಬದಲಾವಣೆ' ಅಂತ ಯಾರಾದರೂ ಬರೆದುಕೊಂಡು ಬಂದರೆ ನಾನು ವಾಪಸ್ ಕಳಿಸುತ್ತೇನೆ. ನಿಮ್ಮ ತಾಲ್ಲೂಕಿನಲ್ಲಿ ಎಲೆಚುಕ್ಕಿ ರೋಗ ತೋಟಗಳನ್ನು ಸುಡುತ್ತಿದೆ. ಎರಡು ಎಕರೆಯವರು ಔಷಧಿ ಹೊಡೆಸುವುದನ್ನು ಹೇಗೆ ನಿಭಾಯಿಸುತ್ತಿದ್ದಾರೆ, ಹತ್ತು ಎಕರೆಯವರು ಹೇಗೆ, ಮಕ್ಕಳು ಬೆಂಗಳೂರಿಗೆ ಹೋಗಿದ್ದು ರೋಗಕ್ಕೆ ಮುಂಚೆಯೋ ಆಮೇಲೋ? ಇದು ಒಂದು ಪ್ರಶ್ನೆ. ಗದ್ದೆ ತೋಟವಾಗುತ್ತಿದೆ, ಹಾಗಾದರೆ ಬೇಸಿಗೆಯಲ್ಲಿ ಕೆರೆಯ ನೀರು ಯಾರ ಪಾಲಾಗುತ್ತಿದೆ? ಇದು ಇನ್ನೊಂದು. ಭದ್ರಾವತಿಯ ಕಾಗದ ಕಾರ್ಖಾನೆಗೆ ಅಂತ ನೆಟ್ಟ ಅಕೇಶಿಯಾ, ನೀಲಗಿರಿ ತೋಪುಗಳು ಕಾರ್ಖಾನೆ ನಿಂತ ಮೇಲೂ ನಿಂತೇ ಇವೆ. ಆ ಜಾಗದಲ್ಲಿ ಮೊದಲು ದನ ಮೇಯಿಸುತ್ತಿದ್ದವರು ಈಗ ಎಲ್ಲಿ ಮೇಯಿಸುತ್ತಾರೆ, ಅಥವಾ ದನವನ್ನೇ ಬಿಟ್ಟರಾ?

ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆಯದ್ದು ನನಗೆ ಎಲ್ಲಕ್ಕಿಂತ ಆಸೆ ಹುಟ್ಟಿಸುವ ವಿಷಯ. 2025ರ ಜುಲೈನಲ್ಲಿ ಉದ್ಘಾಟನೆಯಾಯಿತು, ಎರಡು ಕಿಲೋಮೀಟರಿಗೂ ಉದ್ದ. ಅಲ್ಲಿಯ ತನಕ ಆಚೆ ದಡದ ತುಮರಿ ಕಡೆಯವರು ಹಿನ್ನೀರು ದಾಟಿಸುವ ಲಾಂಚ್ ಕಾಯಬೇಕಿತ್ತು. ಹೆರಿಗೆ ನೋವು ಬಂದರೂ ಲಾಂಚ್, ಅಡಿಕೆ ಮಾರಲು ಹೊರಟರೂ ಲಾಂಚ್. ಈಗ ಆಂಬುಲೆನ್ಸ್ ಸೀದಾ ಹೋಗುತ್ತದೆ, ಟೂರಿಸ್ಟ್ ಬಸ್ಸೂ ಸೀದಾ ಬರುತ್ತದೆ. ಜಾಗದ ರೇಟು, ಅಂಗಡಿ, ಶಾಲೆಗೆ ಹೋಗುವ ಹುಡುಗಿಯರು, ರಾತ್ರಿಯ ಓಡಾಟ, ಕಸ, ಎಲ್ಲವೂ ಬದಲಾಗುವ ಹೊತ್ತು. ಒಂದು ಸೇತುವೆ ದೂರವನ್ನು ಹೇಗೆ ಬದಲಿಸುತ್ತದೆ ಅಂತ ಕಣ್ಣೆದುರೇ ನೋಡುವ ಅವಕಾಶ ಭೂಗೋಳದವರಿಗೆ ಪದೇ ಪದೇ ಸಿಗುವುದಿಲ್ಲ ಮಾರಾಯ್ರೇ. ಲಾಂಚಿನ ದಿನಗಳು ಜನರ ನೆನಪಿನಲ್ಲಿ ಹಸಿಯಾಗಿರುವಾಗಲೇ ಯಾರಾದರೂ ಕೂತು ಬರೆದುಕೊಳ್ಳಬೇಕು.

ಈಗ ಕಾಲೇಜು. ಕರ್ನಾಟಕದಲ್ಲೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಭೂಗೋಳದ ಸ್ನಾತಕೋತ್ತರ ವಿಭಾಗಗಳಿವೆ. ಹೆಸರಿನಲ್ಲಿ ಸುಸ್ಥಿರತೆ ಇಲ್ಲ ಅಂತ ಬಿಡಬೇಡಿ. ಫೀಸು ಕಡಿಮೆ, ಊರಿಗೆ ಹತ್ತಿರ, ಹಾಸ್ಟೆಲ್ ಸಿಗುತ್ತದೆ. ಹೊರಗೆ ಹೋಗುವುದಾದರೆ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿರುವ ದೆಹಲಿ ವಿಶ್ವವಿದ್ಯಾಲಯದ ಭೂಗೋಳ ವಿಭಾಗ, ಜೆಎನ್‌ಯುನ ಪ್ರಾದೇಶಿಕ ಅಭಿವೃದ್ಧಿ ಅಧ್ಯಯನ ಕೇಂದ್ರ, ಬನಾರಸ್ ಹಿಂದೂ ವಿಶ್ವವಿದ್ಯಾಲಯ. ಇಂಥ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಎನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಅರ್ಜಿ ಚಳಿಗಾಲದಲ್ಲೇ ಕರೆಯುತ್ತಾರೆ, ನಮ್ಮ ಕಡೆ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಎಷ್ಟೋ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಹವಾಮಾನ ಬದಲಾವಣೆ ಮತ್ತು ಸುಸ್ಥಿರತೆಯ ಹೆಸರಿನಲ್ಲೇ ಬೇಕೆಂದರೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನೋಡಿ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀಸು ನೋಡಿ ತಲೆ ತಿರುಗಬಹುದು, ಆದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ, ಫೀಸಿನ ಅಂಕಿ ನೋಡಿಯೇ ಓಡಿಹೋಗಬೇಡಿ. ಬೆಂಗಳೂರಿನ ಏಟ್ರೀ ಎನ್ನುವ ಪರಿಸರ ಸಂಶೋಧನಾ ಸಂಸ್ಥೆ ಪಿಎಚ್‌ಡಿ ಮಟ್ಟದಲ್ಲಿ ಒಳ್ಳೆಯ ಜಾಗ, ಅದು ಆಮೇಲಿನ ಮಾತು.

ಎಲ್ಲೇ ಸೇರಿ, ಸೇರುವ ಮುಂಚೆ ಅಲ್ಲಿನ ಎರಡನೇ ವರ್ಷದ ವಿದ್ಯಾರ್ಥಿ ಒಬ್ಬರನ್ನು ಹಿಡಿದು ಕೇಳಿ: ಡಿಸರ್ಟೇಶನ್‌ಗೆ, ಅಂದರೆ ಸಂಶೋಧನಾ ಪ್ರಬಂಧಕ್ಕೆ, ಪೂರ್ತಿ ಒಂದು ಸೆಮಿಸ್ಟರ್ ಕೊಡುತ್ತಾರಾ? ಫೀಲ್ಡ್‌ವರ್ಕ್ ಅಂದರೆ ನಿಜವಾಗಿ ಹಳ್ಳಿಯಲ್ಲಿ ಕೂರುವುದಾ, ಇಲ್ಲ ಬಸ್ಸಲ್ಲಿ ಜೋಗ ನೋಡಿ ಬರುವುದಾ? ನಕ್ಷೆ ಮಾಡುವ ಜಿಐಎಸ್ ಲ್ಯಾಬಿನ ಕಂಪ್ಯೂಟರ್‌ಗಳು ಆನ್ ಆಗುತ್ತವಾ? ನಗಬೇಡಿ, ಬೀಗ ಹಾಕಿದ ಲ್ಯಾಬ್‌ಗಳನ್ನು ನಾನು ನೋಡಿದ್ದೇನೆ. ನಿಮ್ಮ ಪ್ರಶ್ನೆಯ ಹತ್ತಿರ ಕೆಲಸ ಮಾಡುವ ಮೇಷ್ಟ್ರು ಒಬ್ಬರಾದರೂ ಅಲ್ಲಿದ್ದಾರಾ? ಕಟ್ಟಡ ಚೆನ್ನಾಗಿಲ್ಲದಿದ್ದರೂ ಅಂಥ ಮೇಷ್ಟ್ರು ಇದ್ದರೆ ಸಾಕು.

ಇಂಗ್ಲೆಂಡಿನ ವಿಷಯ. ಈಗಲೇ, ಸಾಲ ಮಾಡಿ, ಬೇಡ. ಅಲ್ಲಿನ ಎಂಎಸ್ಸಿ ಒಂದೇ ವರ್ಷದ್ದು, ಫೀಸೇ ಹೆಚ್ಚಿನ ಕಡೆ 20 ಲಕ್ಷ ದಾಟುತ್ತದೆ, ಊಟ ವಸತಿ ಬೇರೆ. ಓದಿದ ಮೇಲೆ ಅಲ್ಲೇ ಉಳಿಯುವ ವೀಸಾ ನಿಯಮ ಆಗಾಗ ಬದಲಾಗುತ್ತದೆ, ಅದನ್ನು ನಂಬಿ ತೋಟ ಅಡ ಇಡುವುದು ಸರಿಯಲ್ಲ. ಇನ್ನೊಂದು ತೊಂದರೆ ಯಾರೂ ಹೇಳುವುದಿಲ್ಲ. ಅಲ್ಲಿ ಸೆಪ್ಟೆಂಬರಿನಲ್ಲಿ ಶುರುವಾದ ಪಾಠ ವಸಂತದ ಹೊತ್ತಿಗೆ ಮುಗಿದು, ಡಿಸರ್ಟೇಶನ್‌ಗೆ ಸಿಗುವುದು ಜೂನ್‌ನಿಂದ ಆಗಸ್ಟ್. ನಮ್ಮಲ್ಲಿ ಅದು ಮಳೆಗಾಲ. ಆಗುಂಬೆ ಕಡೆ, ನಿಮ್ಮ ತಾಲ್ಲೂಕಿನ ನಗರ ಎನ್ನುವ ಊರಿನ ಕಡೆ ಜುಲೈನಲ್ಲಿ ಮನೆಮನೆ ತಿರುಗಿ ಸಮೀಕ್ಷೆ ಮಾಡುತ್ತೇನೆ ಅಂದರೆ ಊರವರೇ ಬೈದು ಕಳಿಸುತ್ತಾರೆ. ಧರೆ ಕುಸಿದು ರಸ್ತೆ ಇಲ್ಲ, ಕರೆಂಟ್ ಇಲ್ಲ, ಮಳೆ ಬಿಟ್ಟ ಗಳಿಗೆಯಲ್ಲಿ ಜನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ. ಇಲ್ಲಿನ ಎರಡು ವರ್ಷದ ಕೋರ್ಸಿನಲ್ಲಿ ನೀವು ಡಿಸೆಂಬರ್, ಜನವರಿಯಲ್ಲಿ ಹಳ್ಳಿಯಲ್ಲಿರಬಹುದು. ರಾತ್ರಿ ಅಡಿಕೆ ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿ ಹಿಡಿದು ಕೂತರೆ, ಪ್ರಶ್ನಾವಳಿ ತೆಗೆಯದೆಯೇ ಕೂಲಿ, ಸಾಲ, ಮದುವೆ, ವಲಸೆ ಎಲ್ಲ ತಾನಾಗಿ ಬರುತ್ತದೆ. ಸುಲಿಯುವ ಹೆಂಗಸರು ಹೇಳುವುದನ್ನು ಕೇಳಿಸಿಕೊಳ್ಳುವ ಕಿವಿ ನಿಮಗಿದೆ, ಇಂಗ್ಲೆಂಡಿನಿಂದ ಬರುವ ಸಂಶೋಧಕರು ದುಭಾಷಿ ಇಟ್ಟುಕೊಳ್ಳಬೇಕು.

ಹೊರದೇಶ ಬೇಡವೇ ಬೇಡ ಅಂತಲ್ಲ. ಇಲ್ಲೇ ಪಿಜಿ ಮಾಡಿ, ಎರಡು ವರ್ಷ ಕೆಲಸ ಮಾಡಿ, ಆಮೇಲೆ ಬೇರೆಯವರ ದುಡ್ಡಿನಲ್ಲಿ ಹೋಗಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಪೂರ್ತಿ ಖರ್ಚು ನೋಡಿಕೊಳ್ಳುತ್ತದೆ, ಆದರೆ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು ಎನ್ನುವ ಷರತ್ತೂ ಇದೆ. ಕಾಮನ್‌ವೆಲ್ತ್, ಎರಾಸ್ಮಸ್ ಮುಂಡಸ್ ಕೂಡ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಾದರೆ ರಾಜ್ಯದ ಪ್ರಬುದ್ಧ ಯೋಜನೆ ಇದೆ, ವಿಚಾರಿಸಲು ಸಂಕೋಚ ಬೇಡ. ಮೂರು ವರ್ಷದ ಡಿಗ್ರಿಯನ್ನು ಕೆಲವು ದೇಶಗಳಲ್ಲಿ ಸಾಕೆಂದು ಒಪ್ಪುವುದಿಲ್ಲ. ಅದಕ್ಕೂ ಇಲ್ಲಿನ ಪಿಜಿಯೇ ಮದ್ದು.

ಇಂಗ್ಲಿಷ್ ಭಯ ಬಿಡಿ ಅಂತ ಸುಮ್ನೆ ಹೇಳುವುದಿಲ್ಲ, ಕಷ್ಟ ಇದೆ. ಮೊದಲ ಸೆಮಿಸ್ಟರ್‌ನಲ್ಲಿ ಓದುವುದಕ್ಕೆ ಮೈಮುರಿಯಬೇಕಾಗುತ್ತದೆ. ಲೇಖನ ಕೈಗೆ ಬಂದರೆ ಪೀಠಿಕೆ ಬಿಟ್ಟು ಮೊದಲು ನಕ್ಷೆ, ಕೋಷ್ಟಕ, ಅಧ್ಯಯನ ಮಾಡಿದ ವಿಧಾನ ಓದಿ. ಅಲ್ಲಿ ಭಾಷೆ ಸರಳ ಇರುತ್ತದೆ. ಎಲಿನರ್ ಆಸ್ಟ್ರಮ್ ಎನ್ನುವ ಹೆಸರು ಬರುತ್ತದೆ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಊರೊಟ್ಟಿನ ಕಾಡು, ನೀರು, ಹುಲ್ಲುಗಾವಲನ್ನು ಜನರೇ ನಿಯಮ ಮಾಡಿಕೊಂಡು ಹೇಗೆ ಉಳಿಸಿಕೊಳ್ಳುತ್ತಾರೆ ಅಂತ ತೋರಿಸಿದವರು. ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟ, ಕಾನು (ದಟ್ಟ ಕಾಡು), ಊರ ಕೆರೆ ಗೊತ್ತಿರುವವರಿಗೆ ಅವರ ಮಾತು ಬೇಗ ಹತ್ತುತ್ತದೆ. ಆದರೆ ಅವರನ್ನೂ ಪ್ರಶ್ನಿಸಿ: ಬೆಟ್ಟದ ಸೊಪ್ಪಿನ ಹಕ್ಕು ಇದ್ದಿದ್ದು ತೋಟ ಇದ್ದವರಿಗೆ, ತೋಟ ಇಲ್ಲದವರಿಗೆ ಆ ನಿಯಮದಲ್ಲಿ ಜಾಗ ಎಲ್ಲಿತ್ತು? ಗೇಣಿ ರೈತರ 1951ರ ಕಾಗೋಡು ಸತ್ಯಾಗ್ರಹ ನಡೆದ ನೆಲದವರು ಈ ಪ್ರಶ್ನೆ ಬಿಡಬಾರದು. ಫೀಲ್ಡ್ ನೋಟ್ಸ್ ಮಾತ್ರ ಕನ್ನಡದಲ್ಲೇ ಬರೆಯಿರಿ, ಜನ ಆಡಿದ ಮಾತನ್ನು ಆಡಿದ ಹಾಗೇ. ಇಂಗ್ಲಿಷ್ ಮಾಡುವುದು ಆಮೇಲೆ ಟೇಬಲ್ ಮುಂದೆ ಕೂತಾಗ.

ಸೇರುವ ತನಕ ಕೈಕಟ್ಟಿ ಕೂರಬೇಡಿ. ನಕ್ಷೆ ಮಾಡುವ ಕ್ಯುಜಿಐಎಸ್ ಎನ್ನುವ ಸಾಫ್ಟ್‌ವೇರ್ ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಡೆಹ್ರಾಡೂನಿನ ಐಐಆರ್‌ಎಸ್ ಸಂಸ್ಥೆ ದೂರಸಂವೇದಿ (ಉಪಗ್ರಹದ ಚಿತ್ರ ಓದುವ ವಿದ್ಯೆ) ಮತ್ತು ಜಿಐಎಸ್ ಬಗ್ಗೆ ಉಚಿತ ಆನ್‌ಲೈನ್ ಕೋರ್ಸ್ ನಡೆಸುತ್ತದೆ, ಪ್ರಮಾಣಪತ್ರವೂ ಸಿಗುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 1972ರಿಂದ ಇವೆ, ಪುಕ್ಕಟೆ. ಇಸ್ರೋದ ನಕ್ಷೆ ತಾಣ ಭುವನ್ ಇದೆ. ನಿಮ್ಮ ಹೋಬಳಿಯ ಹಳೆಯ ಚಿತ್ರ ಒಂದು, ಈಗಿನದು ಒಂದು ಪಕ್ಕಪಕ್ಕ ಇಡಿ. ಒಂದು ಎಚ್ಚರಿಕೆ: ಮೇಲಿನಿಂದ ನೋಡಿದರೆ ಅಡಿಕೆ ತೋಟವೂ ಹಸಿರು, ಕಾನೂ ಹಸಿರು, ಅಕೇಶಿಯಾ ತೋಪೂ ಹಸಿರು. ಕಂಪ್ಯೂಟರ್ ಎಲ್ಲವನ್ನೂ ಸೇರಿಸಿ ಕಾಡು ಹೆಚ್ಚಾಗಿದೆ ಅಂತ ಹೇಳಿಬಿಡಬಹುದು. ಅಲ್ಲಿ ಬೇಕಾಗುವುದು ಆ ಗುಡ್ಡ ಹತ್ತಿದವರ ಕಣ್ಣು. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡುವುದು, ಪಹಣಿ ಓದುವುದು, ಬಗರ್ ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ) ಸಕ್ರಮದ ಅರ್ಜಿ ನಮೂನೆ 50, 53, 57ರ ವ್ಯತ್ಯಾಸ ತಿಳಿಯುವುದು, ಇವು ಅಪ್ಪನ ಹತ್ತಿರವೇ ಕಲಿಯಬಹುದು. ದೊಡ್ಡ ದೊಡ್ಡ ಸಂಶೋಧಕರು ಪಹಣಿಯ ಕಾಲಂ ಅರ್ಥವಾಗದೆ ತಿಂಗಳುಗಟ್ಟಲೆ ತಿರುಗುತ್ತಾರೆ.

ಕೆಲಸ. ಸಿಗುತ್ತದೆ, ಆದರೆ 'ಮಾನವ ಭೂಗೋಳಜ್ಞರು ಬೇಕಾಗಿದ್ದಾರೆ' ಅಂತ ಜಾಹೀರಾತು ಬರುವುದಿಲ್ಲ. ಡಿಗ್ರಿ ಕಾಲೇಜಿನ ಪಾಠಕ್ಕೆ ಪಿಜಿ ಜೊತೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ನೆಟ್‌ನಲ್ಲಿ ಜೆಆರ್‌ಎಫ್ ಎನ್ನುವ ಸಂಶೋಧನಾ ಫೆಲೋಶಿಪ್ ಬಂದರೆ ಪಿಎಚ್‌ಡಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ, ಮನೆಗೆ ಭಾರವಾಗದೆ ಓದಬಹುದು. ಬೆಂಗಳೂರಿನಲ್ಲಿ ಮ್ಯಾಪಿಂಗ್ ಕಂಪನಿಗಳಿವೆ, ಕೆಲಸ ಸ್ವಲ್ಪ ಯಾಂತ್ರಿಕ, ಮೊದಲ ಸಂಬಳ ಸಾಧಾರಣ. 2013ರ ಭೂಸ್ವಾಧೀನ ಕಾಯ್ದೆ ಬಂದ ಮೇಲೆ ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯ ಅಂತಾಯಿತು, ಅದನ್ನು ಮಾಡಲು ಜನ ಬೇಕು. ಷೇರುಪೇಟೆಯ ಮೊದಲ 1000 ಕಂಪನಿಗಳು ಸುಸ್ಥಿರತೆಯ ವರದಿ ಕೊಡಬೇಕು ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿಯ ನಿಯಮ ಇದೆ, ಅಲ್ಲಿ ಸಂಬಳ ಜಾಸ್ತಿ, ಆದರೆ ದಿನವಿಡೀ ಎಕ್ಸೆಲ್. ಜಲಾನಯನ, ಅರಣ್ಯ ಹಕ್ಕು, ಕೃಷಿಯಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳಿಗೆ ಕನ್ನಡದಲ್ಲಿ ಸಭೆ ನಡೆಸಿ ಇಂಗ್ಲಿಷಿನಲ್ಲಿ ವರದಿ ಬರೆಯುವವರು ಸಿಗುವುದೇ ಇಲ್ಲ. ನಿಮ್ಮ ಬೆಲೆ ಅಲ್ಲಿ. ಯುಪಿಎಸ್‌ಸಿ ಬರೆಯುವ ಮನಸ್ಸಿದ್ದರೆ ಭೂಗೋಳ ಐಚ್ಛಿಕ ವಿಷಯವಾಗಿ ಇದೆ.

ಅಪ್ಪ ಹೇಳುವ ಬಿ.ಎಡ್ ಕೂಡ ದಡ್ಡ ಸಲಹೆಯಲ್ಲ. ಹೈಸ್ಕೂಲಿಗೆ ಅದು ಬೇಕೇ ಬೇಕು, ಪಿಯು ಉಪನ್ಯಾಸಕರಾಗಲೂ ಪಿಜಿ ಜೊತೆ ಅದನ್ನು ಕೇಳುತ್ತಾರೆ. ಪಿಜಿ ಮುಗಿಸಿ ಬಿ.ಎಡ್ ಮಾಡಿದರೆ ಎರಡೂ ಬಾಗಿಲು ತೆರೆದಿರುತ್ತದೆ. ಅಪ್ಪನಿಗೆ ಹೀಗೇ ಹೇಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಪ್ರಶ್ನೆಯನ್ನು ಅರ್ಧ ಪುಟದಲ್ಲಿ ಬರೆಯಿರಿ: ಯಾವ ಊರು, ಯಾರನ್ನು ಕೇಳುತ್ತೀರಿ, ಏನು ದಾಖಲೆ ನೋಡುತ್ತೀರಿ, ಈಗಾಗಲೇ ಏನು ಗೊತ್ತು. ಕೇರಿಯ ಹತ್ತು ಮನೆಗೆ ಹೋಗಿ ಅದನ್ನೇ ಕೇಳಿ ಬನ್ನಿ. ಅರ್ಧ ಪುಟದಲ್ಲಿ ಬರೆದದ್ದು ಹೇಗೂ ಬದಲಾಗುತ್ತದೆ. ಬದಲಾದ ಪುಟವನ್ನು ನನಗೆ ಕಳಿಸಿ, ಅದನ್ನು ನೋಡಿ ಧಾರವಾಡವೋ ದೆಹಲಿಯೋ ಮಾತಾಡೋಣ.